ಚಿತ್ರ ಯಂತ್ರದ್ದು, ವಿವೇಚನೆ ಯಾರದು?



‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದು ನಮ್ಮ ಹಿರಿಯರ ಅನುಭವದ ನುಡಿ. ಶಾಲೆಯ ಪ್ರಾಜೆಕ್ಟ್ ಎಂದರೆ ಗೋಂದು, ಬಣ್ಣದ ಕಾಗದ, ಡ್ರಾಯಿಂಗ್ ಶೀಟು ಎಂದಿದ್ದ ಕಾಲದಲ್ಲಿ ಈ ಮಾತು ಮಕ್ಕಳಿಗೆ ಅಕ್ಷರಶಃ ಅನ್ವಯಿಸುತ್ತಿತ್ತು. ಇಂದು ಕೈ ಕೆಸರಾಗಬೇಕಿಲ್ಲ. ನಾಲ್ಕು ಸಾಲು ಟೈಪ್ ಮಾಡಿದರೆ ಚಿತ್ರ, ಕವಿತೆ, ಕಥೆ, ಹಾಡಿನ ರಾಗ ಎಲ್ಲವೂ ಒಂದೆರಡು ನಿಮಿಷದಲ್ಲಿ ಪರದೆಯ ಮೇಲೆ ಮೂಡುತ್ತವೆ. 2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದ ಮೇಲಂತೂ ಕೃತಕ ಬುದ್ಧಿಮತ್ತೆ ಮನೆಮನೆಯ ಮಾತಾಗಿದೆ. ಸಿ.ಬಿ.ಎಸ್.ಇ. ಅದಕ್ಕೂ ಮೊದಲೇ, 2019-20ರ ಶೈಕ್ಷಣಿಕ ವರ್ಷದಲ್ಲಿ, ಒಂಬತ್ತನೆಯ ತರಗತಿಗೆ ಇದನ್ನು ಐಚ್ಛಿಕ ವಿಷಯವನ್ನಾಗಿ ಸೇರಿಸಿತ್ತು.

ಇಂತಹ ಸಾಧನಗಳಿಂದ ಮಾಡಿದ ಪ್ರಾಜೆಕ್ಟಿನ ಜೊತೆಗೆ ಒಂದು ಪುಟದ ಅವಲೋಕನವನ್ನೂ ಬರೆಯಹೇಳುವ ಶಿಕ್ಷಕರಿದ್ದಾರೆ. ಸಾಧನವನ್ನು ಹೇಗೆ ಬಳಸಿದೆ, ಅದರಿಂದ ಏನು ಕಲಿತೆ ಎಂದು ಮಗು ಅದರಲ್ಲಿ ತಿಳಿಸಬೇಕು. ನಾವು ಚಿತ್ರವನ್ನು ನೋಡಿ ಮೆಚ್ಚಿ, ಆ ಪುಟವನ್ನು ಓದದೆಯೇ ಮಗುಚಿಬಿಡುತ್ತೇವೆ. ಆದರೆ ವಿಮರ್ಶೆಗೆ ಯೋಗ್ಯವಾದ ಕೃತಿ ಆ ಪುಟವೇ ಅಲ್ಲವೇ? ಚಿತ್ರದ ಅಂದಕ್ಕೆ ಯಂತ್ರ ಕಾರಣವಾಗಿರಬಹುದು. ಯಂತ್ರ ಕೊಟ್ಟದ್ದರಲ್ಲಿ ಯಾವುದನ್ನು ಮಗು ಬೇಡವೆಂದಿತು, ಏಕೆ ಬೇಡವೆಂದಿತು ಎಂಬುದು ಮಾತ್ರ ಮಗುವಿನದು.

ಎರಡು ಬಹುಮಾನಗಳು

ಮೊದಲು ದೊಡ್ಡವರ ಲೋಕದ ಎರಡು ನಿದರ್ಶನಗಳನ್ನು ನೋಡೋಣ. 2022ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯ ಮೇಳದ ಡಿಜಿಟಲ್ ಕಲಾ ವಿಭಾಗದಲ್ಲಿ ಜೇಸನ್ ಅಲೆನ್ ಎಂಬವರ ಚಿತ್ರಕ್ಕೆ ಪ್ರಥಮ ಬಹುಮಾನ ಬಂದಿತು. ಚಿತ್ರ ಮೂಡಿದ್ದು ಮಿಡ್‌ಜರ್ನಿ ಎಂಬ ಸಾಧನದಿಂದ. ಅಲೆನ್ ಅದನ್ನು ಮರೆಮಾಚಿರಲಿಲ್ಲ. ಅರ್ಜಿಯಲ್ಲಿ ಆ ಹೆಸರನ್ನು ನಮೂದಿಸಿದ್ದರು. ಆದರೆ ಅದು ಕೃತಕ ಬುದ್ಧಿಮತ್ತೆಯ ಸಾಧನವೆಂಬುದು ತೀರ್ಪುಗಾರರಿಗೆ ತಿಳಿದಿರಲಿಲ್ಲ. ತಮಗೆ ಬೇಕಾದ ರೂಪ ಸಿಗುವವರೆಗೆ ಕನಿಷ್ಠ 624 ಬಾರಿ ಸೂಚನೆಗಳನ್ನು ತಿದ್ದಿ ತಿದ್ದಿ ಕೊಟ್ಟೆನೆಂದು ಅಲೆನ್ ಮುಂದೆ ಅಮೆರಿಕದ ಕೃತಿಸ್ವಾಮ್ಯ ಕಚೇರಿಗೆ ತಿಳಿಸಿದರು. ಯಂತ್ರ ರಚಿಸಿದ ಭಾಗವನ್ನು ಬಿಟ್ಟುಕೊಡಲು ಅವರು ಒಪ್ಪದಿದ್ದುದರಿಂದ 2023ರಲ್ಲಿ ಕಚೇರಿ ನೋಂದಣಿಯನ್ನು ನಿರಾಕರಿಸಿತು.

ಎರಡನೆಯದು ಜರ್ಮನಿಯ ಛಾಯಾಗ್ರಾಹಕ ಬೋರಿಸ್ ಎಲ್ಡಾಗ್ಸನ್ ಅವರದು. ಹಳೆಯ ಕಾಲದ ಕಪ್ಪುಬಿಳುಪು ಫೋಟೋದಂತೆ ಕಾಣುವ, ಇಬ್ಬರು ಮಹಿಳೆಯರ ಚಿತ್ರವೊಂದಕ್ಕೆ 2023ರ ಸೋನಿ ವಿಶ್ವ ಛಾಯಾಗ್ರಹಣ ಪ್ರಶಸ್ತಿಯ ಒಂದು ವಿಭಾಗದಲ್ಲಿ ಬಹುಮಾನ ಘೋಷಣೆಯಾಯಿತು. ಅದು ಯಂತ್ರದಿಂದ ಮೂಡಿದ ಬಿಂಬ, ಛಾಯಾಚಿತ್ರದೊಡನೆ ಅದು ಸ್ಪರ್ಧಿಸಬಾರದು ಎಂದು ಹೇಳಿ ಅವರು ಪ್ರಶಸ್ತಿಯನ್ನು ನಿರಾಕರಿಸಿದರು. ಇಂತಹ ಬಿಂಬಗಳನ್ನು ಎದುರಿಸಲು ಸ್ಪರ್ಧೆಗಳು ಸಿದ್ಧವಾಗಿವೆಯೇ ಎಂದು ಪರೀಕ್ಷಿಸುವುದೇ ಅವರ ಉದ್ದೇಶವಾಗಿತ್ತು.

ಇವರಲ್ಲಿ ನಮ್ಮ ಮಕ್ಕಳಿಗೆ ಯಾರು ಮಾದರಿ? ಇಬ್ಬರಿಂದಲೂ ಕಲಿಯುವುದಿದೆ ಎನ್ನಬೇಕಾಗುತ್ತದೆ. 624 ಬಾರಿ ‘ಇದಲ್ಲ, ಇನ್ನೊಂದು’ ಎನ್ನುವವನಲ್ಲಿ ಶ್ರಮವಿಲ್ಲ ಎನ್ನಲಾಗದು. ಆದರೆ ಸಾಧನದ ಹೆಸರನ್ನಷ್ಟೇ ಬರೆದರೆ ಸಾಲದು. ಅದು ಮಾಡಿದ ಕೆಲಸವೇನು, ನಾನು ಮಾಡಿದ ಕೆಲಸವೇನು ಎಂಬುದು ನೋಡುವವರಿಗೆ ಅರ್ಥವಾಗಬೇಕು. ಆ ಶ್ರಮವನ್ನು ಈ ಸ್ಪಷ್ಟತೆಯೊಡನೆ ಕೂಡಿಸಿ ಹೇಳುವುದೇ ವಿದ್ಯಾರ್ಥಿಯ ಅವಲೋಕನದ ಪುಟ ಮಾಡಬೇಕಾದ ಕೆಲಸ.

ವರವೋ ಶಾಪವೋ?

ಆದರೆ ಇಂತಹ ಪುಟಕ್ಕೆ ಸುಲಭವಾಗಿ ಒದಗುವ ಅಚ್ಚೊಂದು ನಮ್ಮಲ್ಲಿ ಮೊದಲೇ ಇದೆ. ‘ವಿಜ್ಞಾನ ವರವೋ ಶಾಪವೋ’ ಎಂಬ ಪ್ರಬಂಧವನ್ನು ಬರೆಯದೆ ಶಾಲೆ ಮುಗಿಸಿದವರು ನಮ್ಮಲ್ಲಿ ಎಷ್ಟು ಮಂದಿ? ಮೊದಲು ನಾಲ್ಕು ಉಪಯೋಗ, ಅನಂತರ ನಾಲ್ಕು ಅಪಾಯ, ಕೊನೆಗೆ ‘ಮಿತವಾಗಿ ಬಳಸಿದರೆ ವರ’ ಎಂಬ ಸಮಾಧಾನ. ಅದೇ ಅಚ್ಚಿನಲ್ಲಿ ‘ಕೃತಕ ಬುದ್ಧಿಮತ್ತೆಯಿಂದ ಸಮಯ ಉಳಿಯುತ್ತದೆ, ಆದರೆ ಅತಿಯಾದ ಅವಲಂಬನೆ ಸಲ್ಲದು’ ಎಂದು ಬರೆದು ಮುಗಿಸಬಹುದು. ಈ ವಾಕ್ಯದಲ್ಲಿ ತಪ್ಪೇನಿಲ್ಲ. ಆದರೆ ಆ ಪ್ರಾಜೆಕ್ಟನ್ನು ಕಣ್ಣಿಂದಲೂ ನೋಡದವರು ಅದನ್ನು ಬರೆಯಬಲ್ಲರು. ಯಂತ್ರವಂತೂ ಇದನ್ನು ಇನ್ನೂ ಚೆನ್ನಾಗಿ ಬರೆದುಕೊಡುತ್ತದೆ. ಯಾವ ಕೃತಿಗೂ ಹೊಂದುವ ವಿಮರ್ಶೆ ಯಾವ ಕೃತಿಯ ವಿಮರ್ಶೆಯೂ ಅಲ್ಲ.

ಬೆಕ್ಕು, ನಾಯಿ ಮತ್ತು ಬ್ರೆಡ್ಡಿನ ಪಾಠ

ಹಾಗಾದರೆ ನಿಜವಾದ ಅವಲೋಕನ ಹೇಗಿರುತ್ತದೆ? ಅಮೆರಿಕದ ಎಂ.ಐ.ಟಿ. ಮೀಡಿಯಾ ಲ್ಯಾಬಿನಲ್ಲಿ ಬ್ಲೇಕ್ಲಿ ಪೇನ್ ಎಂಬವರು ಮಾಧ್ಯಮಿಕ ಶಾಲೆಯ ಮಕ್ಕಳಿಗಾಗಿ ಸಿದ್ಧಪಡಿಸಿ 2019ರಲ್ಲಿ ಹೊರತಂದ ಪಾಠಕ್ರಮವೊಂದು ಇದಕ್ಕೆ ಒಳ್ಳೆಯ ಉತ್ತರ ಕೊಡುತ್ತದೆ.

ಅದರ ಒಂದು ಪಾಠದಲ್ಲಿ ಮಕ್ಕಳು ‘ಅತ್ಯುತ್ತಮ’ ಸ್ಯಾಂಡ್‌ವಿಚ್ ಮಾಡುವ ಕ್ರಮವನ್ನು ಹಂತಹಂತವಾಗಿ ಬರೆಯಬೇಕು. ಬರೆದ ಮೇಲೆ ಪ್ರಶ್ನೆ ಏಳುತ್ತದೆ: ಅತ್ಯುತ್ತಮವೆಂದರೆ ಏನು? ರುಚಿಯೇ, ಆರೋಗ್ಯವೇ, ಅಂದವೇ? ಯಾರ ದೃಷ್ಟಿಯಲ್ಲಿ ಅತ್ಯುತ್ತಮ, ತಿನ್ನುವ ಮಗುವಿನದೋ, ತಾಯಿಯದೋ, ವೈದ್ಯರದೋ? ಲೆಕ್ಕಾಚಾರದ ಹಿಂದೆಯೂ ಯಾರದೋ ಅಭಿಪ್ರಾಯ ಅಡಗಿರುತ್ತದೆ ಎಂಬ ದೊಡ್ಡ ಮಾತನ್ನು ಎರಡು ಚೂರು ಬ್ರೆಡ್ಡು ಕಲಿಸಿಬಿಡುತ್ತದೆ.

ಇನ್ನೊಂದು ಪಾಠದಲ್ಲಿ ಮಕ್ಕಳು ಬೆಕ್ಕು ಮತ್ತು ನಾಯಿಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸುತ್ತಾರೆ. ಅವರಿಗೆ ಕೊಟ್ಟ ಚಿತ್ರಗಳಲ್ಲಿ ಬೆಕ್ಕುಗಳು ಹೆಚ್ಚು, ನಾಯಿಗಳು ಕಡಿಮೆ. ಪರಿಣಾಮವಾಗಿ ಯಂತ್ರ ಬೆಕ್ಕನ್ನು ಚೆನ್ನಾಗಿ ಗುರುತಿಸಿ ನಾಯಿಯಲ್ಲಿ ಎಡವುತ್ತದೆ. ಆಗ ಮಕ್ಕಳು ಕಾರಣ ಹುಡುಕಿ, ಚಿತ್ರಗಳನ್ನು ತಾವೇ ಮತ್ತೆ ಆಯ್ದು, ಮತ್ತೆ ಕಲಿಸುತ್ತಾರೆ.

ಇದರ ಗುಣವನ್ನು ಗಮನಿಸಿರಿ. ಇಲ್ಲಿ ಅವಲೋಕನವು ಕೆಲಸ ಮುಗಿದ ಮೇಲೆ ಅಂಟಿಸುವ ಬಾಲವಲ್ಲ. ಮಾಡು, ಪ್ರಶ್ನಿಸು, ಮತ್ತೆ ಮಾಡು ಎಂಬ ಸರಪಳಿಯ ನಡುಗೊಂಡಿ ಅದು. ಪ್ರಶ್ನೆಯಿಂದ ಕೆಲಸ ಬದಲಾಗದಿದ್ದರೆ ಆ ಪ್ರಶ್ನೆ ಬರಿಯ ಅಲಂಕಾರ. ಈ ಪಾಠಕ್ರಮಕ್ಕೂ ಒಂದು ಮಿತಿಯಿದೆ: ಅದು ಹುಟ್ಟಿದಾಗ ಯಂತ್ರಗಳು ಶಾಲೆಯ ಪ್ರಬಂಧವನ್ನು ಇಷ್ಟು ಸರಾಗವಾಗಿ ಬರೆಯುತ್ತಿರಲಿಲ್ಲ. ಇಂದು ಅವಲೋಕನವನ್ನೇ ಯಂತ್ರದಿಂದ ಬರೆಸಬಹುದು. ಆದುದರಿಂದ ಬರೆದ ಪುಟದ ಜೊತೆಗೆ ಬಾಯಿಮಾತಿನ ಪ್ರಶ್ನೆ ಈಗ ಅನಿವಾರ್ಯ.

ರುಮಾಲಿನ ಮುದುಕ

‘ಬೇಡ’ ಎನ್ನುವುದು ಏಕೆ ಇಷ್ಟು ಮುಖ್ಯ? ಯಂತ್ರ ಮೊದಲು ಮುಂದಿಡುವುದು ಸಾಮಾನ್ಯವಾಗಿ ತಾನು ಹೆಚ್ಚಾಗಿ ಕಂಡದ್ದನ್ನು. ಇಂತಹ ಸಾಧನಗಳನ್ನು ರೂಪಿಸಲು ಬಳಕೆಯಾದ, 2022ರಲ್ಲಿ ಪ್ರಕಟವಾದ ಲಯಾನ್ ಎಂಬ ಸಂಗ್ರಹದಲ್ಲಿ ಸುಮಾರು 585 ಕೋಟಿ ಚಿತ್ರಗಳೂ ಅವುಗಳ ವಿವರಣೆಯ ಬರಹಗಳೂ ಇದ್ದವು. ಅವುಗಳಲ್ಲಿ ಸುಮಾರು 232 ಕೋಟಿ ಬರಹಗಳು ಇಂಗ್ಲಿಷ್ ಒಂದರಲ್ಲೇ ಇದ್ದವು. ಹೆಚ್ಚುಕಡಿಮೆ ಅಷ್ಟೇ ಪಾಲನ್ನು ನೂರಕ್ಕೂ ಹೆಚ್ಚು ಇತರ ಭಾಷೆಗಳು ಹಂಚಿಕೊಂಡಿದ್ದವು. 2023ರಲ್ಲಿ ‘ರೆಸ್ಟ್ ಆಫ್ ವರ್ಲ್ಡ್’ ಎಂಬ ಸುದ್ದಿಸಂಸ್ಥೆ ಮಿಡ್‌ಜರ್ನಿಗೆ ‘ಒಬ್ಬ ಭಾರತೀಯ ವ್ಯಕ್ತಿ’ಯನ್ನು ಚಿತ್ರಿಸಲು ಮತ್ತೆ ಮತ್ತೆ ಹೇಳಿತು. ಬಂದವರು ಬಹುಮಟ್ಟಿಗೆ ಒಬ್ಬರೇ: ಗಡ್ಡ ಬಿಟ್ಟ, ರುಮಾಲು ಸುತ್ತಿದ ಮುದುಕರು. ಭಾರತದ ಹೆಂಗಸರು, ಮಕ್ಕಳು, ಯುವಕರು ಎಲ್ಲಿ ಹೋದರು?

ಈಗ ನಮ್ಮ ಕರಾವಳಿಯ ಒಬ್ಬಳು ಬಾಲಕಿ ತೆನೆಹಬ್ಬದ ಚಿತ್ರ ಬೇಕೆಂದು ಕೇಳಿದಳೆಂದು ಭಾವಿಸೋಣ. ಯಂತ್ರ ಗೋಧಿಯ ತೆನೆಯನ್ನು ಕೊಡಬಹುದು. ಬಾಳೆಯೆಲೆಯ ಬದಲು ಪಿಂಗಾಣಿ ತಟ್ಟೆಯನ್ನು ಇಡಬಹುದು. ಚಿತ್ರ ಸುಂದರವಾಗಿಯೇ ಇರುತ್ತದೆ. ‘ಗೋಧಿ ಬೇಡ, ಭತ್ತ ಬೇಕು’ ಎನ್ನಲು ಅವಳು ಹೊಸ ತೆನೆಯನ್ನು ಕೈಯಲ್ಲಿ ಹಿಡಿದಿರಬೇಕು; ಅಜ್ಜಿ ಆ ತೆನೆಯ ಕಾಳನ್ನು ಸುಲಿದು ಹಾಲಿಗೆ ಬೆರೆಸುವುದನ್ನು ಕಂಡಿರಬೇಕು. ಮನೆಯಲ್ಲಿ, ಗದ್ದೆಯಲ್ಲಿ, ಪುಸ್ತಕದಲ್ಲಿ ಪಡೆದದ್ದು ಏನೂ ಇಲ್ಲದ ಮಗುವಿಗೆ ಯಂತ್ರ ಕೊಟ್ಟದ್ದೆಲ್ಲವೂ ಸರಿಯಾಗಿಯೇ ಕಾಣುತ್ತದೆ. ಹೀಗೆ ನಮ್ಮ ಹಬ್ಬದ ನೆನಪೇ ನಿಧಾನವಾಗಿ ಬೇರೊಂದು ಹಬ್ಬದ ಚಿತ್ರವಾಗಿ ಮಾರ್ಪಡಬಹುದು. ಅಂಕಗಳಿಗಿಂತ ಇದು ದೊಡ್ಡ ನಷ್ಟ.

ಇನ್ನೊಂದು ಮಾತು. 2025ರ ಮಾರ್ಚ್ ತಿಂಗಳಲ್ಲಿ ಕುಟುಂಬದ ಫೋಟೋಗಳನ್ನು ಜಪಾನಿನ ಘಿಬ್ಲಿ ಸ್ಟುಡಿಯೋದ ಶೈಲಿಗೆ ಬದಲಿಸಿಕೊಳ್ಳುವ ಹುಚ್ಚು ಲೋಕವನ್ನೇ ಆವರಿಸಿತು. ಕಲಾವಿದರು ದಶಕಗಳ ಕಾಲ ಕೈಯಿಂದ ಬಿಡಿಸಿ ರೂಢಿಸಿದ ಶೈಲಿ ಅದು. ಅಮೆರಿಕದ ಮೂವರು ಕಲಾವಿದರು ಇಂತಹ ಸಂಸ್ಥೆಗಳ ವಿರುದ್ಧ 2023ರ ಜನವರಿಯಲ್ಲಿಯೇ ನ್ಯಾಯಾಲಯದ ಮೆಟ್ಟಿಲೇರಿದ್ದರು. ಸ್ವಂತ ಹೊಲದ ಬದುವಿನ ವಿಷಯದಲ್ಲಿ ಎಚ್ಚರವಾಗಿರುವ ನಾವು ಇನ್ನೊಬ್ಬರ ಬೆವರಿನ ಬೆಳೆಯ ವಿಷಯದಲ್ಲಿಯೂ ಎಚ್ಚರವಾಗಿರಬೇಡವೇ? ಯಾರ ಶೈಲಿಯನ್ನು ಬಳಸಿದೆ ಎಂದು ಹೇಳುವುದು ಮಗು ಕಲಿಯಬೇಕಾದ ಮೊದಲ ಸೌಜನ್ಯ.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಓದುಗರೇ, ಈ ಕೆಲಸವನ್ನೆಲ್ಲ ಶಾಲೆಯ ಮೇಲೆ ಹೊರಿಸುವಂತಿಲ್ಲ. ತರಗತಿ ತುಂಬ ಮಕ್ಕಳಿರುವ ಶಿಕ್ಷಕರಿಗೆ ಪ್ರತಿಯೊಬ್ಬರೊಡನೆ ಕುಳಿತು ಮಾತನಾಡಲು ಬಿಡುವೆಲ್ಲಿ? ಆ ಬಿಡುವು ನಮ್ಮ ಊಟದ ಹೊತ್ತಿನಲ್ಲಿದೆ. ಇದಕ್ಕೆ ತಂದೆತಾಯಿಗಳಿಗೆ ಕಂಪ್ಯೂಟರ್ ಜ್ಞಾನ ಬೇಕಿಲ್ಲ. ಮೂರು ಪ್ರಶ್ನೆಗಳು ಸಾಕು. ಯಂತ್ರವನ್ನು ಕೇಳುವ ಮುನ್ನ ನಿನ್ನ ಮನಸ್ಸಿನಲ್ಲಿ ಏನಿತ್ತು? ಅದು ಕೊಟ್ಟದ್ದರಲ್ಲಿ ಯಾವುದನ್ನು ಬಿಟ್ಟೆ, ಏಕೆ ಬಿಟ್ಟೆ? ಇದರಲ್ಲಿರುವುದು ನಿಜವೆಂದು ನಿನಗೆ ಹೇಗೆ ಗೊತ್ತು?

ಮೊದಲ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಬೈಯಬೇಡಿ. ಮುಂದಿನ ಬಾರಿ ಮೊದಲು ಕಾಗದದ ಮೇಲೆ ಗೀಚಿಕೊಳ್ಳಲು ಹೇಳಿರಿ. ಎರಡನೆಯದಕ್ಕೆ ಉತ್ತರಿಸಲು ಮಗು ಕೈಬಿಟ್ಟ ಚಿತ್ರಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು. ಮೂರನೆಯದು ಅದನ್ನು ಅಜ್ಜಿಯ ಬಳಿಗೋ ಗ್ರಂಥಾಲಯಕ್ಕೋ ಕಳುಹಿಸುತ್ತದೆ. ನಮ್ಮ ಸಂಘಗಳ, ಶಾಲೆಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರಾಗಿ ಕೂರುವವರಿಗೂ ಇದು ಸಲ್ಲುತ್ತದೆ. ಯಂತ್ರದ ನೆರವಿನ ಕೃತಿಗಳನ್ನು ಪ್ರತ್ಯೇಕ ವಿಭಾಗವಾಗಿ ಇಡಿರಿ. ಅಲ್ಲಿ ಚಿತ್ರಕ್ಕಿಂತ ಹೆಚ್ಚು ಅಂಕಗಳನ್ನು ಮಗುವಿನ ಮಾತಿಗೆ ಮೀಸಲಿಡಿರಿ.

ಯಂತ್ರವನ್ನು ಮಕ್ಕಳಿಂದ ದೂರವಿಡುವುದು ಇಂದು ಸುಲಭವಲ್ಲ. ಹಾಗೆ ಮಾಡುವುದೇ ಜಾಣತನವೆಂದೂ ಹೇಳಲಾಗದು. ಮುಂದಿನ ಬಾರಿ ನಿಮ್ಮ ಮಗಳು ಹೊಳೆಯುವ ಚಿತ್ರವೊಂದನ್ನು ತಂದು ತೋರಿಸಿದಾಗ, ‘ಎಷ್ಟು ಚೆನ್ನಾಗಿದೆ!’ ಎನ್ನುವ ಮೊದಲು ‘ಇದಕ್ಕಾಗಿ ಯಾವುದನ್ನೆಲ್ಲ ಬೇಡವೆಂದೆ, ಮಗಳೇ?’ ಎಂದು ಕೇಳಿ ನೋಡಿರಿ. ಅವಳು ಹೇಳತೊಡಗಿದರೆ, ಕುಳಿತು ಪೂರ್ತಿಯಾಗಿ ಕೇಳಿರಿ.