ಬಂದವರು ಕೇಳುವ ಕ್ರಮ

ಜಾಲತಾಣವೊಂದನ್ನು ಕಟ್ಟಲು ಹೊರಟವರು ಮೊದಲು ಬಣ್ಣವನ್ನೂ ಲಾಂಛನವನ್ನೂ ಕುರಿತು ಚರ್ಚಿಸುವುದು ವಾಡಿಕೆಯಾದರೂ, ಆ ಕಲೆಯ ಸತ್ತ್ವವಿರುವುದು ಯಾವ ಸಂಗತಿಗೆ ಯಾವ ಹೆಸರಿನ ಬಾಗಿಲಿರಬೇಕು, ಒಂದು ಪುಟದಿಂದ ಇನ್ನಾವ ಪುಟಕ್ಕೆ ಹಾದಿಯಿರಬೇಕು ಎಂಬ ಪೂರ್ವಯೋಜನೆಯಲ್ಲಿ. ಆ ಯೋಜನೆಯನ್ನು ಕಲಿಯಬಯಸುವವರು ಇಳಕಲ್ಲಿನ ಹಳೆಯ ಸೀರೆಯಂಗಡಿಯೊಂದರ ಗಾದಿಯ ಮೇಲೆ ಒಂದು ಮಧ್ಯಾಹ್ನ ಸುಮ್ಮನೆ ಕುಳಿತು ನೋಡುವುದು ಲೇಸೆಂದು ನನ್ನ ನಂಬಿಕೆ.

ಅಲ್ಲಿಯ ವರ್ತಕನು ಬಂದವರ ಮುಂದೆ ಮಾಲನ್ನೆಲ್ಲ ಸುರಿಯುವುದಿಲ್ಲ. “ಅಕ್ಕಾರ, ಮದಿವಿಗೇನ್ರಿ, ದಿನಾ ಉಡಾಕೇನ್ರಿ?” ಎಂಬುದು ಆತನ ಮೊದಲ ಪ್ರಶ್ನೆ. ಆರು ಗಜವೋ, ಎಂಟೋ, ಒಂಬತ್ತೋ ಎಂಬುದು ಎರಡನೆಯದು. ಒಡಲು ಹತ್ತಿಯದೋ ರೇಷ್ಮೆಯದೋ ಎಂಬುದು ಅನಂತರದ್ದು. ಚಿಕ್ಕಿ, ಗೋಮಿ, ಗಾಡಿ ಮೊದಲಾದ ದಡಿಗಳ ಮಾತು ಬರುವುದು ಆಮೇಲೆ. ಅಷ್ಟರಲ್ಲಿ ನೂರಾರು ಸೀರೆಗಳೊಳಗಿಂದ ಏಳೆಂಟು ಮಾತ್ರ ಗಾದಿಯ ಮೇಲೆ ಉಳಿದಿರುತ್ತವೆ, ಆಯ್ಕೆಯು ಆಯಾಸವಾಗದೆ ಆನಂದವಾಗುತ್ತದೆ.

ಮಗ್ಗದ ಮನೆಯ ಕ್ರಮವಾದರೋ ಬೇರೆ. ಅಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ; ಎರಡರ ಎಳೆಗಳನ್ನೂ ಕುಣಿಕೆಯೊಳಗೆ ಕುಣಿಕೆಯಾಗಿ ಕೊಂಡಿ ಹಾಕಿ ಕೂಡಿಸಿದ ಮೇಲೆಯೇ ಕೆಂಪು ಬಿಳುಪಿನ ಟೋಪು ತೆನೆಯ ಸೆರಗು ಮೂಡತಕ್ಕದ್ದಾದುದರಿಂದ, ಪ್ರತಿಯೊಂದು ಸೀರೆಗೂ ಪ್ರತ್ಯೇಕವಾಗಿ ಹಾಸನ್ನು ಸಿದ್ಧಪಡಿಸಬೇಕಾಗುತ್ತದೆ. ನೇಕಾರನ ಮನಸ್ಸಿನಲ್ಲಿ ಸೀರೆಯು ಈ ಕ್ರಮದಲ್ಲಿಯೇ ಇರುವುದು ಸಹಜ. ಆದರೆ ಅದನ್ನೇ ಮುಖಪುಟಕ್ಕೆ ತಂದು ನೂಲು, ಬಣ್ಣ, ಹಾಸು, ನೇಯ್ಗೆ ಎಂದು ಬಾಗಿಲುಗಳನ್ನಿರಿಸಿದರೆ, ಮಗಳ ಮದುವೆಗೆ ಗಿರಿಕುಂಕುಮ ಬಣ್ಣದ ಸೀರೆಯನ್ನರಸಿ ಬಂದ ತಾಯಿಯು ಯಾವುದನ್ನು ತಟ್ಟಬೇಕೆಂದು ತಿಳಿಯದೆ ಹಿಂದಿರುಗುವಳು. ನೇಯ್ಗೆಯ ವೃತ್ತಾಂತ ಬೇಡವೆಂದಲ್ಲ, ಅವಶ್ಯವಾಗಿ ಬೇಕು. ಅದರ ಸ್ಥಾನ ಸೀರೆಯ ಪುಟದಲ್ಲಿ ಬೆಲೆಯ ಪಕ್ಕಕ್ಕೆ, ಇಷ್ಟೇಕೆ ಎಂಬ ಪ್ರಶ್ನೆ ಏಳುವೆಡೆಯಲ್ಲಿ.

ಮಾಡುವವರ ಕ್ರಮವಲ್ಲ, ಬಂದವರ ಕ್ರಮವೇ ಮುಂದಿರಬೇಕೆಂಬ ಇದೇ ತತ್ತ್ವವನ್ನು ಪ್ರವಾಸಿಯ ವಿಷಯದಲ್ಲಿಯೂ ಪರೀಕ್ಷಿಸಬಹುದು. ಬಾದಾಮಿ ಮತ್ತು ಪಟ್ಟದಕಲ್ಲುಗಳು ಬಾದಾಮಿ ತಾಲ್ಲೂಕಿನವು, ಐಹೊಳೆ ಹುನಗುಂದ ತಾಲ್ಲೂಕಿನದು. ತಾಲ್ಲೂಕುವಾರಾಗಿ ಪುಟಗಳನ್ನು ವಿಂಗಡಿಸುವುದು ಕಚೇರಿಗೆ ಸುಲಭ; ಆದರೆ 578ರ ಮಂಗಳೇಶನ ಶಾಸನವಿರುವ ಬಾದಾಮಿಯ ಮೂರನೆಯ ಗುಹಾಲಯವನ್ನು ಕಂಡು, 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಟ್ಟದಕಲ್ಲನ್ನು ಹಾಯ್ದು, 634ರ ರವಿಕೀರ್ತಿಯ ಶಾಸನಕ್ಕಾಗಿ ಐಹೊಳೆಯ ಮೇಗುತಿ ಬೆಟ್ಟವನ್ನೇರುವ ವಿದ್ಯಾರ್ಥಿಗೆ ಮಲಪ್ರಭೆಯ ಕಣಿವೆಯೇ ಒಂದು ಅಖಂಡ ಪ್ರದೇಶವಲ್ಲದೆ ತಾಲ್ಲೂಕಿನ ಗಡಿಯು ಏನೂ ಅಲ್ಲ. ಜಾಲದ ಹುಟ್ಟಿನಲ್ಲಿಯೂ ಇದೇ ವಿಚಾರವಿತ್ತು: 1989ರಲ್ಲಿ ಟಿಮ್ ಬರ್ನರ್ಸ್-ಲೀ ಅವರು ವಿಶ್ವವ್ಯಾಪಿ ಜಾಲಕ್ಕೆ ಮೂಲವಾದ ತಮ್ಮ ಯೋಜನೆಯನ್ನು ಜಿನೀವಾ ಬಳಿಯ ಸರ್ನ್ ಸಂಸ್ಥೆಗೆ ಒಪ್ಪಿಸಿದಾಗ, ಕೊಂಬೆಗೆ ಉಪಕೊಂಬೆಯಾಗಿ ಕವಲೊಡೆಯುವ ವೃಕ್ಷಕ್ರಮದಲ್ಲಿ ಜ್ಞಾನವನ್ನು ಸಮರ್ಪಕವಾಗಿ ಇರಿಸಲಾಗದೆಂಬುದನ್ನೇ ಮುಂದಿಟ್ಟಿದ್ದರು. ಐಹೊಳೆಯ ಪುಟ ಒಂದೇ ಇರಲಿ; ಹುನಗುಂದದಿಂದಲೂ, ಚಾಲುಕ್ಯರ ಇತಿಹಾಸದಿಂದಲೂ, ಒಂದು ದಿನದ ಪ್ರವಾಸದಿಂದಲೂ ಅದಕ್ಕೆ ಕೊಂಡಿಗಳಿರಲಿ.

ಬಾಗಲಕೋಟೆಯ ನವನಗರವನ್ನು ಈ ಸಂದರ್ಭದಲ್ಲಿ ನೆನೆಯುತ್ತೇನೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ನೆಲೆ ಕಳೆದುಕೊಂಡವರಿಗಾಗಿ ಕಟ್ಟಿದ ಆ ಊರಿನ ಸೆಕ್ಟರುಗಳ ಸಂಖ್ಯಾಕ್ರಮ ಅಂಚೆಯವನಿಗೆ ಉಪಕಾರಿ. ಆದರೆ ಆಸ್ಪತ್ರೆಯನ್ನು ಹುಡುಕಿಕೊಂಡು ಹಳ್ಳಿಯಿಂದ ಬಂದಿಳಿದವನಿಗೆ ಸಂಖ್ಯೆಯೊಡನೆ ಆಸ್ಪತ್ರೆಯೆಂಬ ಫಲಕವೂ ಬೇಕು.

ಆದುದರಿಂದ ತಾಣವನ್ನು ಬರೆಯಿಸುವ ಮುನ್ನ ಪುಟಗಳ ಹೆಸರುಗಳನ್ನು ಚೀಟಿಗಳಲ್ಲಿ ಬರೆದು, ತಾಣವನ್ನು ಬಳಸಲಿರುವ ನಾಲ್ಕಾರು ಮಂದಿಯ ಮುಂದಿಟ್ಟು, ಯಾವುದರೊಡನೆ ಯಾವುದು ಸೇರಬೇಕೆಂದು ಅವರಿಂದಲೇ ಗುಂಪು ಮಾಡಿಸಬೇಕು. ಮಾಲೀಕನು ಆಗ ಬಾಯಿ ತೆರೆಯಕೂಡದು. ಒಬ್ಬಾಕೆ ಗೋಮಿ ದಡಿಯ ಚೀಟಿಯನ್ನು ಎರಡು ಗುಂಪುಗಳ ನಡುವೆ ಹಿಡಿದು ಅನುಮಾನಿಸಿದರೆ, ಅಲ್ಲಿಗೆ ಎರಡು ಹಾದಿ ಬೇಕೆಂದು ಗುರುತು ಹಾಕಿಕೊಳ್ಳಬೇಕು. ಹುಡುಕುವ ಪೆಟ್ಟಿಗೆಯು ಇಳಕಲ್ ಎಂದರೂ ಇಲಕಲ್ ಎಂದರೂ ಒಂದೇ ಫಲವನ್ನು ಕೊಡಬೇಕು. ಚಿತ್ರಗಳು ಹಗುರವಾಗಿದ್ದು ಮೊಬೈಲಿನಲ್ಲಿ ಬೇಗನೆ ತೆರೆಯಬೇಕು. ಅವುಗಳಲ್ಲಿ ಒಂದಾದರೂ ಸೆರಗು ಒಡಲಿಗೆ ಕೂಡಿದ ಜಾಗವನ್ನು ಹಿಂಬದಿಯಿಂದ ಹತ್ತಿರಕ್ಕೆ ತೋರಿಸಬೇಕು, ಏಕೆಂದರೆ ಬಲ್ಲವರು ಅಂಗಡಿಯಲ್ಲಿ ಮೊದಲು ತಿರುವಿ ನೋಡುವುದು ಅದನ್ನೇ. ಉದ್ದ, ಒಡಲಿನ ನೂಲು, ಒಗೆಯುವ ವಿಧಾನ, ಬೆಲೆ ಇವು ಚಿತ್ರದ ಕೆಳಗೇ ಇರಲಿ. ಅಂಗಡಿಯ ದೂರವಾಣಿ ಸಂಖ್ಯೆಯು ಪ್ರತಿಯೊಂದು ಪುಟದಲ್ಲಿಯೂ ಇರಲಿ, ಎಷ್ಟು ಓದಿದರೂ ಒಂದು ಮಾತು ಕೇಳಿಯೇ ಕೊಳ್ಳುವವರು ನಮ್ಮಲ್ಲಿ ಬಹುಮಂದಿ.