ಚೆಂಡು ಹೊರುವ ರೋಬೋಟ್ ಮತ್ತು ಒಂದು ಬಿಲ್ಡ್

ಫಾಸ್ಟ್ ಡೌನ್‌ವರ್ಡ್ ಎಂಬ ಪ್ಲಾನರ್ ಬೇಕೆಂದರೆ ಸಿದ್ಧ ಕಂಟೇನರ್ ಇಳಿಸಿಕೊಂಡು ಓಡಿಸಬಹುದು. ಅವಸರದವರಿಗೆ ಅಷ್ಟು ಸಾಕು. ಪ್ಲಾನರ್ ಒಳಗೆ ಏನು ನಡೆಯುತ್ತದೆಂದು ನೋಡುವ ಚಪಲವಿದ್ದರೆ ಮಾತ್ರ ಮೂಲ ಕೋಡ್ ತಂದು ನಿಮ್ಮ ಲಿನಕ್ಸ್‌ನಲ್ಲೇ ಬಿಲ್ಡ್ ಮಾಡಿ.

ಬೇಕಾದದ್ದು ಸಿ++ ಕಂಪೈಲರ್, ಸಿಮೇಕ್, ಪೈಥಾನ್ 3. ಬಿಲ್ಡ್ ಡಾಟ್ ಪೈ ಓಡಿಸಿದರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ಸಿಪ್ಲೆಕ್ಸ್, ಸೋಪ್ಲೆಕ್ಸ್ ಎಂಬ ಸಾಲ್ವರ್‌ಗಳ ಹೆಸರು ಕಂಡು ಗಾಬರಿಯಾಗಬೇಡಿ, ಮೊದಲ ದಿನಕ್ಕೆ ಅವು ಬೇಡ. ಡೀಬಗ್ ಬಿಲ್ಡ್‌ನಲ್ಲಿ ವೇಗ ಅಳೆದು ಪ್ಲಾನರ್ ನಿಧಾನವೆಂದು ದೂರುವವರಿದ್ದಾರೆ. ಅಳೆಯುವುದಾದರೆ ರಿಲೀಸ್ ಬಿಲ್ಡ್‌ನಲ್ಲೇ ಅಳೆಯಿರಿ.

ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮಾಲ್ಟೆ ಹೆಲ್ಮರ್ಟ್ ಬರೆದ ಈ ಪ್ಲಾನರ್ 2004ರ ಅಂತಾರಾಷ್ಟ್ರೀಯ ಪ್ಲಾನಿಂಗ್ ಸ್ಪರ್ಧೆಯಲ್ಲಿ ಗೆದ್ದಿತು. ಈಗ ಅದರ ಮನೆ ಸ್ವಿಟ್ಜರ್‌ಲೆಂಡಿನ ಬಾಸೆಲ್ ವಿಶ್ವವಿದ್ಯಾಲಯ. ಆರಂಭದ ಸ್ಥಿತಿ, ಗುರಿ, ಮಾಡಬಹುದಾದ ಕ್ರಿಯೆಗಳು, ಇಷ್ಟನ್ನು ಪಿಡಿಡಿಎಲ್ ಭಾಷೆಯಲ್ಲಿ ಬರೆದುಕೊಟ್ಟರೆ ಯಾವ ಕ್ರಿಯೆಯ ನಂತರ ಯಾವುದೆಂದು ಅದು ಹುಡುಕಿಕೊಡುತ್ತದೆ.

ಪರೀಕ್ಷೆಗೆ 1998ರ ಮೊದಲ ಸ್ಪರ್ಧೆಯ ಗ್ರಿಪ್ಪರ್ ಸಮಸ್ಯೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎರಡು ಕೈಯ ರೋಬೋಟ್ ಚೆಂಡುಗಳನ್ನು ಒಂದು ಕೋಣೆಯಿಂದ ಇನ್ನೊಂದಕ್ಕೆ ಸಾಗಿಸಬೇಕು. ನಾಲ್ಕು ಚೆಂಡಿಗೆ 11 ಹೆಜ್ಜೆ, ಮಗುವೂ ಎಣಿಸೀತು.

ಔಟ್‌ಪುಟ್ ಡಾಟ್ ಎಸ್‌ಎಎಸ್ ಫೈಲನ್ನು ಅಳಿಸದೆ ಉಳಿಸಿಕೊಳ್ಳುವ ಆಯ್ಕೆ ಹಾಕಿ ಓಡಿಸಿ, ಆಮೇಲೆ ಅದನ್ನು ತೆರೆದು ನೋಡಿ. ಪೈಥಾನಿನ ಟ್ರಾನ್ಸ್‌ಲೇಟರ್ ಬರೆದಿಟ್ಟ ಇದನ್ನು ಓದಿಕೊಂಡೇ ಸಿ++ ಭಾಗ ಹುಡುಕಾಟ ಶುರುಮಾಡುವುದು. ಒಂದು ಚೆಂಡು ಏಕಕಾಲಕ್ಕೆ ಎರಡೂ ಕೋಣೆಗಳಲ್ಲಿ ಇರಲಾರದೆಂದು ನೀವು ಎಲ್ಲಿಯೂ ಬರೆದಿರಲಿಲ್ಲ. ಟ್ರಾನ್ಸ್‌ಲೇಟರ್ ಕ್ರಿಯೆಗಳನ್ನು ಪರಿಶೀಲಿಸಿ ಅದನ್ನು ತಾನೇ ಸಾಧಿಸಿ, ಆ ಎರಡು ಸಂಗತಿಗಳನ್ನು ಒಂದೇ ಚರದ ಎರಡು ಬೆಲೆಗಳಾಗಿಸಿರುತ್ತದೆ. ಇಡೀ ತಂತ್ರಾಂಶದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದೇ. ಹುಡುಕಾಟದ ಜಾಣತನವನ್ನು ಹೊಗಳುವವರು ಇದನ್ನೇಕೋ ದಾಟಿಹೋಗುತ್ತಾರೆ.

ಲಾಮಾ ಎಂಬ ಸಿದ್ಧ ಸಂಯೋಜನೆಗೆ ಗ್ರಿಪ್ಪರ್ ನೀರು ಕುಡಿದಷ್ಟು ಸುಲಭ. ಅತಿ ಕಡಿಮೆ ಹೆಜ್ಜೆಯ ಯೋಜನೆಯೇ ಬೇಕೆಂದು ಹಟ ಹಿಡಿದು ಎ-ಸ್ಟಾರ್ ಹುಡುಕಾಟಕ್ಕೆ, ಗುರಿಗೆ ಇನ್ನೆಷ್ಟು ಹೆಜ್ಜೆಯೆಂದು ಹೇಳುವ ಎಲ್‌ಎಂ-ಕಟ್ ಅಂದಾಜು ಜೋಡಿಸಿ. ಚೆಂಡು ಹೆಚ್ಚಿದಂತೆ ಯಂತ್ರ ಏದುಸಿರು ಬಿಡುತ್ತದೆ. ಸ್ಪರ್ಧೆಯ 20ನೇ ಸಮಸ್ಯೆಯ 42 ಚೆಂಡುಗಳ ಹತ್ತಿರವೂ ಸುಳಿಯದು. ಯಾವ ಚೆಂಡು ಮೊದಲಾದರೂ ನಮಗೆ ಒಂದೇ, ಎ-ಸ್ಟಾರ್‌ಗೆ ಮಾತ್ರ ಪ್ರತಿಯೊಂದು ಆಯ್ಕೆಯೂ ಬೇರೆ ಸ್ಥಿತಿ. ಅಂದಾಜು ಕೆಟ್ಟದ್ದೆಂದು ಬೈಯುವಂತೆಯೂ ಇಲ್ಲ. ಸಣ್ಣದೊಂದು ಸ್ಥಿರಾಂಕದಷ್ಟು ಮಾತ್ರ ತಪ್ಪುವ ಅಂದಾಜಿದ್ದರೂ ಗ್ರಿಪ್ಪರ್‌ನಲ್ಲಿ ಎ-ಸ್ಟಾರ್ ನೋಡಬೇಕಾದ ಸ್ಥಿತಿಗಳು ಘಾತೀಯವಾಗಿ ಬೆಳೆಯುತ್ತವೆಂದು 2008ರಲ್ಲಿ ಹೆಲ್ಮರ್ಟ್ ಮತ್ತು ಗೇಬ್ರಿಯೆಲೆ ರ್‍ಯೋಗರ್ ತೋರಿಸಿಕೊಟ್ಟರು.

ಅಲ್ಲಿಗೆ ಬಂದು ನಿಂತವರು ಬೈಸಿಮ್ಯುಲೇಷನ್ ಬಳಸುವ ಮರ್ಜ್-ಅಂಡ್-ಶ್ರಿಂಕ್ ಅಂದಾಜು ಹಾಕಿ ನೋಡಿ. ಅದರ ಆಯ್ಕೆಗಳ ಸಾಲು ವಿಪರೀತ ಉದ್ದ, ಕೈಯಲ್ಲಿ ಟೈಪಿಸದೆ ದಸ್ತಾವೇಜಿನಿಂದಲೇ ನಕಲು ಮಾಡಿಕೊಳ್ಳಿ. ಒಂದೇ ರೀತಿ ವರ್ತಿಸುವ ಸ್ಥಿತಿಗಳನ್ನು ಅದು ಒಟ್ಟುಗೂಡಿಸುವುದರಿಂದ ಎಡಗೈಯಲ್ಲಿರುವುದು ಮೂರನೇ ಚೆಂಡೋ ಏಳನೆಯದೋ ಎಂಬ ಲೆಕ್ಕ ಇಡುವ ಕೆಲಸವೇ ತಪ್ಪುತ್ತದೆ.