ಯಾರ ನೋಟ, ಯಾರ ದನಿ: ‘ಕೆರೆಗೆ ಹಾರ’ ಕಥನಗೀತೆಯ ಓದಿನ ಕೆಲವು ಪ್ರಶ್ನೆಗಳು

ಕನ್ನಡ ಜನಪದ ಕಥನಗೀತೆಗಳ ಅಧ್ಯಯನದಲ್ಲಿ ಆಶಯ, ಪಾಠಾಂತರ, ಪ್ರಸಾರ, ಸಾಮಾಜಿಕ ಹಿನ್ನೆಲೆ ಮುಂತಾದ ಸಂಗತಿಗಳಿಗೆ ದೊರೆತಷ್ಟು ಗಮನ ಅವುಗಳ ಧಾಟಿಗೆ ದೊರೆತಿಲ್ಲ. ಹಾಡು ಏನನ್ನು ಹೇಳುತ್ತದೆ ಎಂಬುದನ್ನು ನಾವು ವಿವರವಾಗಿ ಚರ್ಚಿಸಿದ್ದೇವೆ. ಅದನ್ನು ಯಾರ ಮಗ್ಗುಲಲ್ಲಿ ನಿಂತು, ಯಾವ ದನಿಯಲ್ಲಿ ಹೇಳುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಉತ್ತರ ಗೊತ್ತಿರುವ ಪ್ರಶ್ನೆಯಂತೆ ದಾಟಿಕೊಂಡು ಬಂದಿದ್ದೇವೆ. ಹೀಗೆ ದಾಟಿಕೊಂಡದ್ದರಿಂದ ಒಂದು ಮಹತ್ವದ ಹಾಡಿನ ಓದು ಹೇಗೆ ಎರಡು ಸಿದ್ಧ ತೀರ್ಮಾನಗಳ ನಡುವೆ ಸಿಲುಕಿಕೊಂಡಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಆಯ್ದುಕೊಂಡ ಪಠ್ಯ, ಉತ್ತರ ಕರ್ನಾಟಕದ ‘ಕೆರೆಗೆ ಹಾರ’. ಸಂಕಲನಗಳ ಮೂಲಕ ಬಹುಜನರ ಓದಿಗೆ ಒದಗಿರುವ ಪಾಠವನ್ನೇ ಇಲ್ಲಿ ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಕಥೆ ಎಲ್ಲರಿಗೂ ತಿಳಿದದ್ದು. ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಹೊತ್ತಿಗೆ ತೆಗೆಸಿ ನೋಡಿದಾಗ ಮನೆಯ ಸೊಸೆಯನ್ನು ಹಾರ ಕೊಡಬೇಕೆಂಬ ಮಾತು ಬರುತ್ತದೆ. ಹಿರಿಯ ಸೊಸೆಯನ್ನು ಬಿಟ್ಟು ಕಿರಿಯ ಸೊಸೆ ಭಾಗೀರತಿಯನ್ನು ಗೊತ್ತುಮಾಡುತ್ತಾರೆ. ಆಕೆ ತವರಿಗೆ ಹೋಗಿ ಬಂದು, ಮನೆಯ ಕೆಲಸವನ್ನೆಲ್ಲ ಪೂರೈಸಿ, ಗಂಗೆಯ ಪೂಜೆಗೆಂದು ಹೊರಟವರ ಜೊತೆಯಲ್ಲಿ ನಡೆದು ಕೆರೆಗೆ ಆಹುತಿಯಾಗುತ್ತಾಳೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಮರಳಿ ಬಂದು, ನಿಜ ತಿಳಿದು, ಅದೇ ಕೆರೆಗೆ ಹಾರುತ್ತಾನೆ.

ಈ ಹಾಡನ್ನು ಕುರಿತ ಮೊದಲ ತಲೆಮಾರಿನ ಬರವಣಿಗೆ ಭಾಗೀರತಿಯನ್ನು ತ್ಯಾಗಮೂರ್ತಿಯೆಂದು ಕೊಂಡಾಡಿತು. ಲೋಕಹಿತಕ್ಕಾಗಿ ಜೀವ ತೆತ್ತ ಗರತಿ ಎಂಬ ಮಾತು ಮುನ್ನುಡಿಗಳಿಂದ ತರಗತಿಗೆ, ತರಗತಿಯಿಂದ ‘ಭಾಗೀರತಿಯ ತ್ಯಾಗವನ್ನು ವಿವರಿಸಿರಿ’ ಎಂಬ ಬಗೆಯ ಪ್ರಶ್ನೆಗಳಿಗೆ ಇಳಿದು ಬಂದಿತು. 1980ರ ದಶಕದಿಂದ ಈಚೆಗೆ ಬಲಗೊಂಡ ಸ್ತ್ರೀಕೇಂದ್ರಿತ ಓದು ಇದನ್ನು ತಲೆಕೆಳಗು ಮಾಡಿತು. ಅದರ ಪ್ರಕಾರ ಇದು ತ್ಯಾಗವಲ್ಲ, ಕೊಲೆ. ಹಾಡು ಪುರುಷಪ್ರಧಾನ ಕುಟುಂಬದ ಕ್ರೌರ್ಯದ ದಾಖಲೆ. ಎರಡನೆಯ ಓದು ಮೊದಲನೆಯದಕ್ಕಿಂತ ಪ್ರಾಮಾಣಿಕವಾದುದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕಥೆಯಿಂದ ನೇರವಾಗಿ ಧಾಟಿಯನ್ನು ಊಹಿಸಿಕೊಳ್ಳುವ ಕ್ರಮದಲ್ಲಿ ಎರಡೂ ಒಂದೇ. ಒಂದಕ್ಕೆ ಹಾಡು ಸ್ತುತಿಯಾಗಿ ಕೇಳುತ್ತದೆ, ಇನ್ನೊಂದಕ್ಕೆ ದೂರಾಗಿ. ಹಾಡಿನ ಒಳಗೆ ಸ್ತುತಿ ಎಲ್ಲಿದೆ, ದೂರು ಎಲ್ಲಿದೆ ಎಂದು ಹುಡುಕಹೊರಟರೆ ಎರಡಕ್ಕೂ ತಕ್ಕ ಆಧಾರ ದೊರೆಯುವುದಿಲ್ಲ. ನಿರೂಪಕಿ ಸೊಸೆಯನ್ನು ಮಹಾಸತಿ ಎನ್ನುವುದಿಲ್ಲ, ಮಾವನನ್ನು ಪಾಪಿ ಎನ್ನುವುದೂ ಇಲ್ಲ.

‘ಧಾಟಿ’ ಎಂಬ ಪದದ ಬಗ್ಗೆ ಇಲ್ಲಿ ಒಂದು ಮಾತು ಅಗತ್ಯ. ವಿಮರ್ಶೆಯಲ್ಲಿ ನಾವು ಈ ಪದವನ್ನು, ಹೇಳುವವರು ಕೇಳುವವರ ಬಗ್ಗೆ ತಳೆದ ನಿಲುವು ಎಂಬ ಅರ್ಥದಲ್ಲಿ ಬಳಸುತ್ತೇವೆ, ಐ. ಎ. ರಿಚರ್ಡ್ಸ್ 1929ರಲ್ಲಿ ಅರ್ಥದ ನಾಲ್ಕು ಬಗೆಗಳನ್ನು ವಿಂಗಡಿಸಿದಾಗ ಅವುಗಳಲ್ಲಿ ಒಂದಕ್ಕೆ ಕೊಟ್ಟ ವಿವರಣೆ ಇದೇ. ಹಾಡುವವರ ಬಾಯಲ್ಲಾದರೋ ಧಾಟಿಯೆಂದರೆ ಹಾಡಿನ ಮಟ್ಟು. ಈ ಎರಡು ಅರ್ಥಗಳು ಅಷ್ಟೇನೂ ದೂರದವಲ್ಲ. ಭಾರತೀಯ ಕಾವ್ಯಮೀಮಾಂಸೆ ದನಿಯ ಏರಿಳಿತದಿಂದ ಅರ್ಥ ಬದಲಾಗುವುದನ್ನು ‘ಕಾಕು’ ಎಂದು ಗುರುತಿಸಿತು. ರುದ್ರಟ ಕಾಕುವನ್ನು ವಕ್ರೋಕ್ತಿ ಅಲಂಕಾರದ ಒಂದು ಬಗೆಯೆಂದು ಎಣಿಸಿದರೆ, ರಾಜಶೇಖರ ತನ್ನ ‘ಕಾವ್ಯಮೀಮಾಂಸೆ’ಯಲ್ಲಿ ಅದನ್ನು ಒಪ್ಪದೆ, ಕಾಕು ಪಠನದ ಧರ್ಮವೇ ಹೊರತು ಅಲಂಕಾರವಾಗಲಾರದು ಎಂದು ವಾದಿಸಿದ. ಮೌಖಿಕ ಪಠ್ಯಗಳನ್ನು ಅಚ್ಚಿನಲ್ಲಿ ಓದುವ ನಮಗೆ ಈ ಹಳೆಯ ವಾಗ್ವಾದ ಕೇವಲ ಪಾಂಡಿತ್ಯದ ವಿಷಯವಲ್ಲ. ಕಾಕು ಪಠನಕ್ಕೆ ಸೇರಿದ್ದಾದರೆ, ಅಚ್ಚಿನ ಪುಟಕ್ಕೆ ಬರುವಾಗ ಮೊದಲು ಕಳೆದುಹೋಗುವುದು ಅದೇ. ಹಾಗೆ ಕಳೆದುಹೋದ ಜಾಗದಲ್ಲಿ ಓದುಗ ತನ್ನ ದನಿಯನ್ನು ತುಂಬುತ್ತಾನೆ. ತ್ಯಾಗದ ಓದಿಗೂ ಕೊಲೆಯ ಓದಿಗೂ ಎಡೆ ಮಾಡಿಕೊಟ್ಟಿರುವುದು ಈ ಖಾಲಿ ಜಾಗವೇ.

ಹಾಗೆಂದು ಪುಟದ ಮೇಲೆ ಏನೂ ಉಳಿದಿಲ್ಲವೆಂದಲ್ಲ. ನೋಟದ ನೆಲೆ ಉಳಿದಿರುತ್ತದೆ. ನಿರೂಪಣೆಯಲ್ಲಿ ಯಾರು ಮಾತನಾಡುತ್ತಾರೆ ಎಂಬುದನ್ನೂ ಯಾರು ನೋಡುತ್ತಾರೆ ಎಂಬುದನ್ನೂ ಬೇರ್ಪಡಿಸಿ ಕೇಳಬೇಕೆಂದು ಜೆರಾರ್ ಜೆನೆಟ್ 1972ರಲ್ಲಿ ಸೂಚಿಸಿದ. ಈ ಹಾಡಿನ ಮಟ್ಟಿಗೆ ಇನ್ನೂ ಒಂದು ಪ್ರಶ್ನೆಯನ್ನು ಸೇರಿಸಬೇಕಾಗುತ್ತದೆ: ಯಾರಿಗೆ ಗೊತ್ತಿದೆ?

ಹಾರವನ್ನು ಗೊತ್ತುಮಾಡುವ ಭಾಗವನ್ನು ನೋಡಬಹುದು. ಇಲ್ಲಿ ಹಾಡು ಮನೆಯ ಹಿರಿಯರ ಲೆಕ್ಕಾಚಾರವನ್ನು ಹಾಗೆಯೇ ಒಪ್ಪಿಸುತ್ತದೆ. ಹಿರಿಯವಳನ್ನು ಕೊಟ್ಟರೆ ಮನೆಯ ಹಿರಿತನ ನಡೆಸುವವರಿಲ್ಲ, ಆದ್ದರಿಂದ ಕಿರಿಯವಳು. ಬಿತ್ತನೆಗೆ ಯಾವ ಚೀಲ, ಉಣ್ಣಲು ಯಾವ ಚೀಲ ಎಂದು ನಿರ್ಧರಿಸುವಷ್ಟೇ ತಣ್ಣಗಿನ ಮಾತು. ನಿರೂಪಕಿ ಈ ಮಾತಿಗೆ ಒಂದು ವಿಶೇಷಣವನ್ನೂ ಕೂಡಿಸುವುದಿಲ್ಲ. ಇದನ್ನು ಒಪ್ಪಿಗೆಯೆಂದು ತಿಳಿಯುವುದು ಅವಸರದ ಓದು. ಕರುಣೆಯ ಒಂದು ನುಡಿ ಬಂದಿದ್ದರೆ ಕೇಳುವವರು ಅದರಲ್ಲಿ ತಮ್ಮ ಕರುಣೆಯನ್ನು ಸೇರಿಸಿ ಹಗುರಾಗಿಬಿಡುತ್ತಿದ್ದರು.

ತವರಿನ ಭಾಗದಿಂದ ನೋಟದ ನೆಲೆ ಬದಲಾಗುತ್ತದೆ. ಎಂದೂ ಬಾರದವಳು ಇಂದೇಕೆ ಬಂದೆಯೆಂದು ಕೇಳಿದವರಿಗೆ ಭಾಗೀರತಿ ನಿಜ ಹೇಳುವುದಿಲ್ಲ. ಅತ್ತೆ ಮಾವಂದಿರು ಬೇರೆ ಇಡುತ್ತಾರಂತೆ ಎನ್ನುತ್ತಾಳೆ. ತಂದೆ ಹೊಲಮನೆಯ ಆಸೆ ತೋರಿಸುತ್ತಾನೆ, ತಾಯಿ ಒಡವೆಯ ಮಾತೆತ್ತುತ್ತಾಳೆ. ಅವರು ಕೊಡಹೊರಟ ವಸ್ತುಗಳಿಗೆ ಬೆಂಕಿ ಹಚ್ಚಿರೆಂಬ ಅರ್ಥದ ಮಾತು ಆಕೆಯ ಬಾಯಿಂದ ಬರುತ್ತದೆ. ತ್ಯಾಗಮೂರ್ತಿಯ ಓದು ಈ ಮಾತನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಎಂಬುದು ನನಗೆ ಯಾವಾಗಲೂ ಸೋಜಿಗದ ಸಂಗತಿ. ಇಡೀ ಹಾಡಿನಲ್ಲಿ ಆಕೆಯ ಸಿಟ್ಟು ಹೊರಬೀಳುವುದು ಇಲ್ಲಿ, ಅದೂ ಅತ್ತೆಯ ಮನೆಯವರ ಮೇಲಲ್ಲ, ಪ್ರೀತಿಯಿಂದ ಕೊಡಹೊರಟವರ ಮೇಲೆ. ಕೇಳುವ ನಮಗೆ ಕಾರಣ ಗೊತ್ತು, ಹೆತ್ತವರಿಗೆ ಗೊತ್ತಿಲ್ಲ. ಕೇಳುಗರು ಆಕೆಯ ಗುಟ್ಟಿನ ಒಳಗೆ ಸೇರಿಕೊಳ್ಳುವುದು ಇದೇ ಘಟ್ಟದಲ್ಲಿ.

ಅನಂತರ ಆಕೆ ಗೆಳತಿಯ ಬಳಿಗೆ ಹೋಗುತ್ತಾಳೆ. ಗೆಳತಿಗೆ ಮಾತ್ರ ಕೆರೆಗೆ ಹಾರ ಕೊಡುವ ಸುದ್ದಿಯನ್ನು ಇದ್ದಂತೆ ಹೇಳುತ್ತಾಳೆ. ಕೊಟ್ಟರೆ ಕೊಡಲಿ, ಇಟ್ಟಂತೆ ಇರಬೇಕು ಎಂಬ ಭಾವದ ಉತ್ತರ ಗೆಳತಿಯಿಂದ ಬರುತ್ತದೆ. ಹಾಡಿನ ಅರ್ಥವೆಲ್ಲ ಈ ಒಂದು ಉತ್ತರದ ಕಾಕುವಿನ ಮೇಲೆ ನಿಂತಿದೆ ಎಂಬುದು ನನ್ನ ತಿಳಿವಳಿಕೆ. ಅದನ್ನು ಬುದ್ಧಿವಾದದಂತೆ ಹೇಳಬಹುದು. ಬೇರೆ ದಾರಿ ಕಾಣದ ಇಬ್ಬರು ಹೆಣ್ಣುಗಳ ನಿಟ್ಟುಸಿರಾಗಿ ಹೇಳಬಹುದು. ಹೆಣ್ಣುಮಕ್ಕಳಿಗೆ ಜಗತ್ತು ಕಲಿಸಿದ ಪಾಠವನ್ನು ಜಗತ್ತಿನ ಮುಖಕ್ಕೇ ಹಿಡಿಯುವ ಕಹಿಯಲ್ಲಿಯೂ ಹೇಳಬಹುದು. ಅಚ್ಚಿನ ಪಾಠ ಇವುಗಳಲ್ಲಿ ಯಾವುದನ್ನೂ ತಡೆಯುವುದಿಲ್ಲ, ಯಾವುದನ್ನೂ ಖಚಿತಪಡಿಸುವುದಿಲ್ಲ. ಗೆಳತಿಯ ಮಾತು ವಿಧೇಯತೆಯ ಬೋಧನೆಯೆಂದು ಅಡ್ಡಗೆರೆ ಎಳೆದು ಓದುವವರು ತಾವು ಕೇಳದ ದನಿಯನ್ನು ಕೇಳಿದಂತೆ ಬರೆಯುತ್ತಿದ್ದಾರೆ.

ಗೆಳತಿಯ ಪಾತ್ರದ ಮಹತ್ವ ತಿಳಿಯುವುದು ಹಾಡಿನ ಕೊನೆಯಲ್ಲಿ. ಮನೆಗೆ ಬಂದ ಮಾದೇವರಾಯ ಹೆಂಡತಿಯೆಲ್ಲಿ ಎಂದು ಕೇಳಿದರೆ ಹೆತ್ತವರು ತವರಿಗೆ ಹೋಗಿದ್ದಾಳೆ ಎನ್ನುತ್ತಾರೆ, ತವರಿನವರು ಗೆಳತಿಯ ಮನೆಗೆ ಹೋಗಿದ್ದಾಳೆ ಎನ್ನುತ್ತಾರೆ. ನಿಜ ಹೇಳುವವಳು ಗೆಳತಿಯೊಬ್ಬಳೇ. ಭಾಗೀರತಿ ನಿಜ ನುಡಿದದ್ದು ಆಕೆಗೆ. ಆ ನಿಜವನ್ನು ಹಾಡಿನೊಳಗೆ ದಾಟಿಸಿದವಳೂ ಆಕೆ. ಹಾಗಾದರೆ ಹಾಡುವ ಹೆಂಗಸು ನಿಂತಿರುವುದು ಯಾರ ಜಾಗದಲ್ಲಿ? ಮಾವನ ಜಾಗದಲ್ಲಂತೂ ಅಲ್ಲ, ಭಾಗೀರತಿಯ ಜಾಗದಲ್ಲಿಯೂ ಅಲ್ಲ. ಗುಟ್ಟನ್ನು ಕೇಳಿಸಿಕೊಂಡು, ತಡೆಯಲಾಗದೆ, ಉಳಿದು, ಆಮೇಲೆ ಹೇಳಿದವಳ ಜಾಗ ಅದು. ಸ್ತುತಿಗೂ ದೂರಿಗೂ ಈ ನೆಲೆಯಿಂದ ದನಿ ಹೊರಡುವುದು ಕಷ್ಟ. ಸಾಕ್ಷಿ ನುಡಿಯುವ ದನಿ ಮಾತ್ರ ಅಲ್ಲಿಂದ ಹೊರಡಬಲ್ಲದು.

ಅಡುಗೆಮನೆಯ ಭಾಗ ಈ ಮಾತಿಗೆ ಒಳ್ಳೆಯ ನಿದರ್ಶನ. ಬೇಳೆ ಹಸನು ಮಾಡುವಾಗ ಬೇಳೆಯಷ್ಟು, ಅಕ್ಕಿ ಹಸನು ಮಾಡುವಾಗ ಅಕ್ಕಿಯಷ್ಟು ಎಂದು ಆಕೆಯ ದುಃಖವನ್ನು ಕೈಯಲ್ಲಿರುವ ವಸ್ತುವಿನಿಂದಲೇ ಹಾಡು ಅಳೆಯುತ್ತದೆ. ಕಣ್ಣೀರೇಕೆಂದು ಮಾವ ಕೇಳಿದರೆ ಬೇಳೆಯ ಹರಳು ಸಿಡಿಯಿತೆಂಬ ನೆವ ಹೇಳುತ್ತಾಳೆ. ಕೇಳುವವನಿಗೂ ಗೊತ್ತು, ಹೇಳುವವಳಿಗೂ ಗೊತ್ತು. ಇಬ್ಬರೂ ಗೊತ್ತಿಲ್ಲದಂತೆ ಇರುತ್ತಾರೆ. ದುಃಖಕ್ಕೆ ಇಲ್ಲಿ ಉತ್ಪ್ರೇಕ್ಷೆಯೇ ಇಲ್ಲ. ಸಾಗರದಷ್ಟು ಎಂದು ಹೇಳುವುದು ಸುಲಭವಿತ್ತು. ಅಕ್ಕಿಯ ಕಾಳಿನಷ್ಟು ಎನ್ನುವವಳು ಆ ಕೆಲಸವನ್ನು ದಿನವೂ ಮಾಡಿದವಳು, ಪಕ್ಕದಲ್ಲಿ ಕೂತು ನೋಡಿದವಳು.

ಕೆರೆಯ ಮೆಟ್ಟಿಲುಗಳ ಭಾಗದಲ್ಲಿ ನಿರೂಪಣೆ ಇನ್ನಷ್ಟು ಸಂಯಮಕ್ಕೆ ಬರುತ್ತದೆ. ಮರೆತ ಬಂಗಾರದ ಬಟ್ಟಲನ್ನು ತರಲು ಆಕೆಯನ್ನೇ ಹಿಂದಕ್ಕೆ ಕಳಿಸುತ್ತಾರೆ. ಒಂದೊಂದು ಮೆಟ್ಟಿಲಿಗೂ ನೀರು ಮೈಯ ಒಂದೊಂದು ಅಳತೆಗೆ ಏರುತ್ತದೆ. ಸಾಲುಗಳ ಪುನರಾವರ್ತನೆಯನ್ನು ಮೌಖಿಕ ರಚನೆಯ ಸಾಮಾನ್ಯ ಲಕ್ಷಣವೆಂದು ಹೇಳಿ ಮುಗಿಸುವುದು ಇಲ್ಲಿ ಸಲ್ಲದು. ಸಾವು ಎಷ್ಟು ನಿಧಾನ, ಎಷ್ಟು ಕ್ರಮಬದ್ಧ ಎಂಬುದನ್ನು ಕೇಳುವವರು ಎಣಿಸುತ್ತ ಹೋಗುವಂತೆ ಮಾಡುವುದೇ ಈ ಪುನರಾವರ್ತನೆಯ ಕೆಲಸ.

ಹೊರಗಿನ ಸಾಮ್ಯಗಳೊಂದಿಗೆ ಇಟ್ಟು ನೋಡಿದರೆ ನಮ್ಮ ಹಾಡಿನ ವಿಶೇಷ ಎದ್ದು ಕಾಣುತ್ತದೆ. ಕಟ್ಟಡಕ್ಕೆ ಹೆಣ್ಣನ್ನು ಬಲಿಕೊಡುವ ಆಶಯ ಬಾಲ್ಕನ್ ನಾಡುಗಳಲ್ಲಿ ವ್ಯಾಪಕವಾದುದು. ವುಕ್ ಕರಾಜಿಚ್ ಪ್ರಕಟಿಸಿದ ಸರ್ಬಿಯನ್ ಹಾಡಿನಲ್ಲಿ ಸ್ಕಾಡರ್ ಕೋಟೆಗಾಗಿ ಮೂವರು ಸೋದರರಲ್ಲಿ ಕಿರಿಯವನ ಹೆಂಡತಿಯನ್ನು ಗೋಡೆಯೊಳಗೆ ಕಟ್ಟುತ್ತಾರೆ. ರೊಮೇನಿಯಾದ ಹಾಡಿನಲ್ಲಿ ಶಿಲ್ಪಿ ಮನೋಲೆ ತನ್ನ ಹೆಂಡತಿಯನ್ನೇ ಗೋಡೆಗೆ ಸೇರಿಸುತ್ತಾನೆ. ಅಲನ್ ಡಂಡೆಸ್ 1996ರಲ್ಲಿ ಸಂಪಾದಿಸಿದ ಸಂಪುಟ ಈ ಆಶಯದ ಬಗೆಗಿನ ಚರ್ಚೆಗಳನ್ನು ಒಂದೆಡೆ ತಂದಿತು. ಹೆಣ್ಣಿನ ನೆಲೆಯಿಂದ ನೋಡಿದರೆ ಗೋಡೆಯೊಳಗಿನ ಸೆರೆ ದಾಂಪತ್ಯದ ರೂಪಕವಾಗುತ್ತದೆಂಬುದು ಅವನ ವಾದ. ವಾದ ಆಕರ್ಷಕ. ಆದರೆ ಆ ಹಾಡುಗಳಲ್ಲಿ ಗಂಡನಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ. ಗೋಡೆ ಏಳುತ್ತಿರುವಾಗ ಆಕೆ ಅದನ್ನು ತಮಾಷೆಯೆಂದೇ ಮೊದಲು ಭಾವಿಸುತ್ತಾಳೆ. ಕೇಳುವವರು ಗಂಡನ ಸಂಕಟವನ್ನು ಮೊದಲು ಹಂಚಿಕೊಳ್ಳಬೇಕಾಗುತ್ತದೆ. ‘ಕೆರೆಗೆ ಹಾರ’ದಲ್ಲಿ ಅರಿವು ಪೂರಾ ಮಗುಚಿದೆ: ಹೆಂಡತಿಗೆ ಗೊತ್ತು, ಗಂಡನಿಗೆ ಗೊತ್ತಿಲ್ಲ. ಒಂದೇ ಆಶಯ, ಎರಡು ನೋಟದ ನೆಲೆ. ಆಶಯಸೂಚಿಯ ಸಂಖ್ಯೆಯೊಂದನ್ನು ನಮೂದಿಸಿ ಮುಂದೆ ಹೋಗುವ ಅಧ್ಯಯನಕ್ಕೆ ಈ ವ್ಯತ್ಯಾಸ ಕಾಣಿಸುವುದೇ ಇಲ್ಲ.

ಕನ್ನಡದ್ದೇ ಆದ ‘ಗೋವಿನ ಹಾಡು’ ಇನ್ನೊಂದು ಬಗೆಯ ಹೋಲಿಕೆಯನ್ನು ಒದಗಿಸುತ್ತದೆ. ಅಲ್ಲಿ ನಿರೂಪಕನ ಒಲವು ಬಹಿರಂಗವಾದುದು. ಪುಣ್ಯಕೋಟಿ ಕೊಟ್ಟ ಮಾತಿಗಾಗಿ ಹುಲಿಯ ಬಳಿಗೆ ಮರಳುತ್ತದೆ, ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಡುತ್ತದೆ, ಸತ್ಯ ಗೆಲ್ಲುತ್ತದೆ. ಆ ಹಾಡನ್ನು ಕೇಳಿ ರೂಢಿಯಾದ ಕಿವಿ ‘ಕೆರೆಗೆ ಹಾರ’ವನ್ನೂ ಅದೇ ಮಟ್ಟಿನಲ್ಲಿ ಕೇಳಿಸಿಕೊಂಡಿರಬಹುದೆ ಎಂಬ ಅನುಮಾನ ನನ್ನದು. ಎರಡನೆಯದರಲ್ಲಿ ಕೊಟ್ಟ ಮಾತೇ ಇಲ್ಲ. ಭಾಗೀರತಿಯನ್ನು ಯಾರೂ ಕೇಳಿಯೂ ಇಲ್ಲ. ಇನ್ನು ಹಾವೇರಿ ಜಿಲ್ಲೆಯ ಮದಗ ಮಾಸೂರು ಕೆರೆಯ ಕೆಂಚಮ್ಮನಂತೆ, ಕೆರೆಯ ಹೆಣ್ಣು ದೇವತೆಯಾಗಿ ಪೂಜೆಗೊಳ್ಳುವ ಐತಿಹ್ಯಗಳ ಧಾಟಿ ಭಕ್ತಿಯದು. ನಮ್ಮ ಹಾಡು ಭಾಗೀರತಿಗೆ ಗುಡಿ ಕಟ್ಟಿಸುವುದಿಲ್ಲ. ತುಂಬಿದ ಕೆರೆಯಿಂದ ಯಾವ ಹೊಲ ಹಸಿರಾಯಿತೆಂದೂ ಹೇಳುವುದಿಲ್ಲ. ಮಾದೇವರಾಯನ ಸಾವಿನೊಂದಿಗೆ ನಿಂತುಬಿಡುತ್ತದೆ. ಊರಿಗೆ ಆದ ಲಾಭವನ್ನು ತೂಕದ ಇನ್ನೊಂದು ತಟ್ಟೆಗೆ ಹಾಕಿದವರು ವಿಮರ್ಶಕರು.

ಪಠ್ಯ, ಅದರ ಭಾಷಿಕ ಹಂದರ, ಅದರ ಸಂದರ್ಭ ಈ ಮೂರನ್ನೂ ಒಟ್ಟಿಗೆ ದಾಖಲಿಸಬೇಕೆಂದು ಡಂಡೆಸ್ 1964ರಷ್ಟು ಹಿಂದೆಯೇ ಬರೆದಿದ್ದ. ನಮ್ಮ ಸಂಗ್ರಹಗಳಲ್ಲಿ ಹಾಡಿದವರ ಹೆಸರು, ಊರು ದೊರೆಯುವುದುಂಟು. ಎಲ್ಲಿ ದನಿ ತಗ್ಗಿತು, ಎಲ್ಲಿ ಹಾಡು ಕ್ಷಣಕಾಲ ನಿಂತಿತು, ಕೂಡಿದ್ದವರು ಎಲ್ಲಿ ನಿಟ್ಟುಸಿರಿಟ್ಟರು ಎಂಬ ಟಿಪ್ಪಣಿ ಅಪರೂಪ. ಈ ಹಾಡಿನ ಧ್ವನಿಮುದ್ರಿತ ಪಾಠಗಳು ದೊರೆತೆಡೆಯಲ್ಲಿ ಮೊದಲು ಕೇಳಬೇಕಾದದ್ದು ಗೆಳತಿಯ ಆ ಉತ್ತರವನ್ನು. ಒಬ್ಬ ಹಾಡುಗಾರ್ತಿ ಅದನ್ನು ಮುಂದಿನ ಸಾಲಿಗೆ ಕೂಡಿಸಿ ಹಾಡುತ್ತಾಳೆಯೆ, ಇನ್ನೊಬ್ಬಳು ಅಲ್ಲಿ ಉಸಿರು ಹಿಡಿಯುತ್ತಾಳೆಯೆ, ಹಿಮ್ಮೇಳದವರು ಆ ಸಾಲನ್ನು ಎತ್ತಿಕೊಳ್ಳುತ್ತಾರೆಯೆ ಅಥವಾ ಬಿಟ್ಟುಬಿಡುತ್ತಾರೆಯೆ ಎಂಬುದನ್ನು ಪಾಠದಿಂದ ಪಾಠಕ್ಕೆ ಹೋಲಿಸಿ ಬರೆದಿಡುವ ಕೆಲಸ ಇನ್ನು ಮುಂದಿನದು.